ಕವಾಯತಿನ ಹಾಡಿನ ನಾಲ್ಕನೇ ಪದ್ಯ

ಮೆಟ್ಟಿಲು ಹತ್ತುವಾಗ ನನಗೆ ಹಾಡದೆ ಇರಲು ಬರುವುದಿಲ್ಲ. ಹಾಡು ಅಂದ ಕೂಡಲೇ ನೀವು ಸಂಗೀತ ಅಂದುಕೊಂಡು ನನ್ನನ್ನು ಮನೆಗೆ ಕರೆಯಬೇಡಿ. ಅದು ಒಂದೊಂದು ಮೆಟ್ಟಿಲಿಗೂ ಒಂದೊಂದು ಪೆಟ್ಟು ಬೀಳುವ ಹಾಗೆ ಗುನುಗುವ, ಯುದ್ಧಕಾಲದ ಒಂದು ಕವಾಯತಿನ ಹಾಡು. ಇಳಿಯುವಾಗ ಬರುವುದಿಲ್ಲ, ಹತ್ತುವಾಗ ಮಾತ್ರ. ನನ್ನ ಹೆಂಡತಿ ಇದನ್ನು ಮಂಡಿನೋವಿನ ಲಕ್ಷಣ ಎಂದು ಎಂದೋ ತೀರ್ಮಾನಿಸಿದ್ದಾಳೆ. "ನೋವು ಅಂತ ಒಪ್ಕೊಂಡ್ರೆ ಡಾಕ್ಟರ ಹತ್ರ ಹೋಗ್ಬೇಕಾಗತ್ತೆ, ಅದಕ್ಕೇ ಈ ದೇಶಭಕ್ತಿ" ಎನ್ನುತ್ತಾಳೆ.

ಹಾಡು ನನಗೆ ಬಂದದ್ದು ಜಯಮ್ಮ ದೊಡ್ಡಮ್ಮನಿಂದ. ಅಮ್ಮನ ಅಕ್ಕ. ಬಸವನಗುಡಿಗೆ ಸೊಸೆಯಾಗಿ ಬರುವ ಮುಂಚೆ ಅವರು ಚಾಮರಾಜಪೇಟೆಯ ಹುಡುಗಿ. ನಮ್ಮ ತಾತ ಅಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದರು. ಚೀನಾದವರ ಜೊತೆ ಯುದ್ಧ ನಡೆದ ವರ್ಷ ದೊಡ್ಡಮ್ಮ ಮಿಡ್ಲ್ ಸ್ಕೂಲಿನಲ್ಲಿದ್ದರು. ಸಂಜೆಯಾದರೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಬೀದಿ ಬೀದಿ ಸುತ್ತಿಸುತ್ತಿದ್ದರಂತೆ. ಜವಾನರಿಗೆ ಅಂತ ಕಂಬಳಿ, ಉಣ್ಣೆ, ಹಿಡಿ ಅಕ್ಕಿ ಕೂಡಿಸಲು. ನಡೆಯುವಾಗ ಮಕ್ಕಳ ಕಾಲು ಸೊಟ್ಟಗಾಗಬಾರದು ಎಂದು ಅವರ ಡ್ರಿಲ್ ಮೇಷ್ಟ್ರು ತಾವೇ ಕೂತು ಒಂದು ಹಾಡು ಕಟ್ಟಿದರು. ಸಾಲಿನ ಮುಂದೆ ನಿಂತು ಹೇಳಿಕೊಡುವ ಹುಡುಗಿ ನಮ್ಮ ದೊಡ್ಡಮ್ಮ.

ಬೆಟ್ಟ ಕಾಯ್ವ ಅಣ್ಣ ಕೇಳು, ಬೀದಿಗಿಳಿದು ಬಂದೆವು
ಎಡದ ಕಾಲು ಬಲದ ಕಾಲು ನಿನ್ನ ಜೊತೆಗೆ ಇಟ್ಟೆವು

ಇದು ಪಲ್ಲವಿ. ಮೊದಲನೇ ಪದ್ಯ ಸ್ವೆಟರಿನದು.

ಉಣ್ಣೆ ಹೆಣೆದು ಅಂಗಿ ಮಾಡಿ ಕಳಿಸಿದೇವೆ ಹಾಕಿಕೊ
ತೋಳು ಉದ್ದವಾದರಣ್ಣ ಮಡಿಸಿಕೊಂಡು ತೊಟ್ಟುಕೊ

ಈ ಸಾಲುಗಳ ಹಿಂದೆ ಸತ್ಯ ಇತ್ತು. ದೊಡ್ಡಮ್ಮ ಹೆಣೆದ ಸ್ವೆಟರುಗಳನ್ನು ನಾನೂ ಹಾಕಿಕೊಂಡು ಬೆಳೆದವನು. ಅವುಗಳಲ್ಲಿ ಒಂದು ತೋಳು ಯಾವಾಗಲೂ ಇನ್ನೊಂದಕ್ಕಿಂತ ಉದ್ದ. ಹಿಮದಲ್ಲಿ ನಿಂತ ಯಾವ ಜವಾನನಿಗೆ ಅವರ ಸ್ವೆಟರ್ ಸಿಕ್ಕಿತೋ ಏನೋ, ಆತ ಸೆಲ್ಯೂಟ್ ಹೊಡೆಯಲು ಎಷ್ಟು ಕಷ್ಟಪಟ್ಟನೋ ಎಂದು ಈಗಲೂ ಯೋಚಿಸುತ್ತೇನೆ.

ನಾನು ಹುಟ್ಟುವ ಹೊತ್ತಿಗೆ ಯುದ್ಧ ಮುಗಿದಿತ್ತು. ಹಾಡು ಮಾತ್ರ ನಿವೃತ್ತಿ ಆಗಿರಲಿಲ್ಲ. ದೀಪಾವಳಿಗೆ ನಾವು ಮಕ್ಕಳೆಲ್ಲ ದೊಡ್ಡಮ್ಮನ ಮನೆಯಲ್ಲಿ ಸೇರಿದರೆ, ಮೈಗೆಲ್ಲ ಎಣ್ಣೆ ಬಳಿದು, ನಡುಮನೆಯಲ್ಲಿ ಸಾಲು ನಿಲ್ಲಿಸಿ, ಇದೇ ಹಾಡು ಹೇಳಿಸುತ್ತಾ ಬಚ್ಚಲುಮನೆಗೆ ನಡೆಸುತ್ತಿದ್ದರು. ಹಾಗಾಗಿ ನನ್ನ ಮಟ್ಟಿಗೆ ಶತ್ರು ಅಂದರೆ ಸೀಗೇಪುಡಿ. ಆ ಸಾಲಿನಲ್ಲೂ ನಾನು ಕಳಂಕ ತಂದವನೇ. ಎಡಗಾಲು ಎತ್ತಿದರೆ ನನ್ನ ಎಡಗೈಯೂ ಎದ್ದುಬಿಡುತ್ತಿತ್ತು. ಮುಂದೆ ಶಾಲೆಯಲ್ಲಿ ನಮ್ಮ ಡ್ರಿಲ್ ಮೇಷ್ಟ್ರು ನನ್ನನ್ನು ತಿದ್ದಲು ಒಂದು ವರ್ಷ ಹೆಣಗಾಡಿ, ಕೊನೆಗೆ ಶಾಲೆಯ ಬೋರ್ಡ್ ಹಿಡಿದುಕೊಳ್ಳುವ ಕೆಲಸ ಕೊಟ್ಟರು. ಬೋರ್ಡ್ ಹಿಡಿದವನ ಕೈ ಅಲ್ಲಾಡುವುದಿಲ್ಲವಲ್ಲ. ಅದನ್ನು ನಾನು ಬಡ್ತಿ ಅಂತ ಮನೆಯಲ್ಲಿ ಹೇಳಿಕೊಂಡಿದ್ದೆ.

ಈಚೆಗೆ ಒಂದು ದಿನ ಚಿಕ್ಕಪೇಟೆ ಮೆಟ್ರೊ ಸ್ಟೇಷನ್ನಿನಲ್ಲಿ ಎಸ್ಕಲೇಟರು ಕೆಟ್ಟು ನಿಂತಿತ್ತು. ಹೆಂಡತಿಯ ರವಿಕೆ ಬಟ್ಟೆ ಬದಲಾಯಿಸಿಕೊಂಡು ಬರುವ ಘನಕಾರ್ಯಕ್ಕೆ ಹೊರಟವನು ಮೆಟ್ಟಿಲು ಹತ್ತತೊಡಗಿದೆ, ಹಾಡು ತಾನಾಗಿ ಶುರುವಾಯಿತು. ಪಲ್ಲವಿಯ ಮೊದಲ ಸಾಲು ಮುಗಿಸಿ ಉಸಿರೆಳೆದುಕೊಳ್ಳುತ್ತಿದ್ದೆ, ನನ್ನ ಹಿಂದಿನಿಂದ ಎರಡನೇ ಸಾಲು ಕೇಳಿಸಿತು. ತಿರುಗಿದರೆ ಕೈಚೀಲ ಹಿಡಿದ ಹಿರಿಯರೊಬ್ಬರು, ನನಗಿಂತ ಸರಾಗವಾಗಿ ಹತ್ತಿಕೊಂಡು ಬರುತ್ತಿದ್ದಾರೆ.

"ನಿಮಗೆ ಹೆಂಗೆ ಗೊತ್ತು ಸ್ವಾಮಿ ಈ ಹಾಡು?" ಎಂದರು.

"ನಮ್ಮನೆ ಹಾಡು ಇದು," ಎಂದೆ.

"ನಿಮ್ಮನೆ ಅಲ್ಲ ರೀ, ನಮ್ಮ ಗವಿಪುರದ್ದು. ನಾನು ಮೂರನೇ ಕ್ಲಾಸಲ್ಲಿ ಹಾಡಿದೀನಿ."

ಅವರೇ ರಾಜಣ್ಣ. ಮೂರು ತಲೆಮಾರಿನಿಂದ ತರಕಾರಿ ವ್ಯಾಪಾರ ಮಾಡಿಕೊಂಡು ಬಂದ ಮನೆಯವರು, ಈಗ ಅಂಗಡಿಯನ್ನು ಮಕ್ಕಳಿಗೆ ಬಿಟ್ಟು ಬಸವನಗುಡಿಯ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಬಳಗ ನಡೆಸುತ್ತಾರೆ. ಗಣರಾಜ್ಯೋತ್ಸವದ ದಿನ ಬಳಗದವರೆಲ್ಲ ಒಂದು ಹಳೆಯ ಹಾಡು ಹೇಳಿಕೊಂಡು ಪಾರ್ಕ್ ಸುತ್ತಬೇಕು ಅಂತ ಅವರಿಗೆ ಆಸೆ. ಇದೇ ಹಾಡು ಇರಲಿ ಎಂದು ಆ ಮೆಟ್ಟಿಲ ಮೇಲೇ ನಿಶ್ಚಯ ಮಾಡಿಬಿಟ್ಟರು. ಆಮೇಲೆ ನನ್ನ ಕನ್ನಡಕ ನೋಡಿ, "ಓದ್ಕೊಂಡೋರ ಥರ ಕಾಣ್ತೀರ. ಬಂದು ಇದರ ಇತಿಹಾಸ ಒಂದಿಷ್ಟು ಹೇಳ್ಬಿಡಿ ಸಾರ್" ಎಂದರು. ನಮ್ಮ ಬಡಾವಣೆಯ ಸ್ಮರಣ ಸಂಚಿಕೆಯಲ್ಲಿ ಒಮ್ಮೆ ನೀರಿನ ಟ್ಯಾಂಕಿನ ಬಗ್ಗೆ ಲೇಖನ ಬರೆದಾಗಿನಿಂದ ನಾನು ನನ್ನನ್ನು ಇತಿಹಾಸಕಾರ ಎಂದು ಗುಟ್ಟಾಗಿ ತಿಳಿದುಕೊಂಡಿದ್ದೆ. ಆ ಗುಟ್ಟು ಚಿಕ್ಕಪೇಟೆಯಲ್ಲಿ ಬಯಲಾದದ್ದು ನನಗೆ ಬಹಳ ಹಿತವಾಯಿತು. ರವಿಕೆ ಬಟ್ಟೆ ಬದಲಾಯಿಸುವುದನ್ನು ಮರೆತು ಮನೆಗೆ ಬಂದೆ.

ಪಾರ್ಕಿನಲ್ಲಿ ಮೊದಲ ಭಾನುವಾರವೇ ಜಗಳ. ಅದೂ ಪಲ್ಲವಿಯಲ್ಲೇ. ಮಲ್ಲೇಶ್ವರದಲ್ಲಿ ಓದಿದ ಹೆಂಗಸೊಬ್ಬರು "ಬಲದ ಕಾಲು ಎಡದ ಕಾಲು" ಎಂದೇ ಸರಿ ಎಂದು ಪಟ್ಟು ಹಿಡಿದರು. ಅವರ ಟೀಚರು, ಶುಭಕಾರ್ಯಕ್ಕೆ ಹೊರಡುವಾಗ ಯಾರಾದರೂ ಎಡಗಾಲು ಮುಂದಿಡುತ್ತಾರೆಯೇ, ಅಂಥದ್ದರಲ್ಲಿ ದೇಶಕ್ಕೋಸ್ಕರ ಹೊರಟಿದ್ದೇವೆ, ಎಂದು ಸಾಲನ್ನು ತಿರುಗಿಸಿದ್ದರಂತೆ. ಸೈನ್ಯದವರು ಎಡಗಾಲೇ ಮೊದಲು ಇಡುವುದು ಎಂದು ರಾಜಣ್ಣ ಹೇಳಿದರೆ, "ಅದಕ್ಕೇ ಹಂಗಾಗಿದ್ದು ಆ ಯುದ್ಧದಲ್ಲಿ" ಎಂದು ಅವರು ಬಾಯಿ ಮುಚ್ಚಿಸಿದರು. ಹಾಗಾದರೆ ಚಾಮರಾಜಪೇಟೆಯಿಂದ ಹಾಡು ಕಲಿತ ಶಾಲೆಗಳೆಲ್ಲ ಒಂದೇ ಮೈದಾನದಲ್ಲಿ ಸೇರಿದಾಗ ಏನು ಮಾಡುತ್ತಿದ್ದಿರಿ ಎಂದು ಯಾರೋ ಕೇಳಿದರು. "ಮಲ್ಲೇಶ್ವರದವರು ಬಂದ್ರೆ ನಾವು ಪಕ್ಕಕ್ಕೆ ಸರೀತಿದ್ವಿ, ಕಾಲು ತುಳಿದ್ಬಿಡೋರು" ಎಂದರು ರಾಜಣ್ಣ. ಕೊನೆಗೆ ಅವರವರ ಕಾಲು ಅವರವರ ಇಷ್ಟ ಎಂದು ರಾಜಿಯಾಯಿತು. ಎರಡು ಕಾಲೂ ಒಂದೇ ಥರ ತಪ್ಪುವ ನನಗೆ ಯಾವುದಾದರೂ ಒಂದೇ.

ಎರಡನೇ ಪದ್ಯ ಹಿಡಿ ಅಕ್ಕಿಯದು, ಮೂರನೇದು ಬಾವುಟದ್ದು. ಅಲ್ಲಿಗೆ ಹಾಡು ಮುಗಿಯಿತು ಎಂದು ಎಲ್ಲರೂ ಒಪ್ಪಿದರು. ಹಾಡಿನ ತವರುಮನೆಯವರು ಒಬ್ಬರು ಇರಲಿ ಅಂತ ಮುಂದಿನ ವಾರ ನಾನು ಜಯಮ್ಮ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಅವರ ಮಗ ಸುರೇಶನೂ ಬಂದಿದ್ದ. ದೊಡ್ಡಮ್ಮ ಬೆಂಚಿನ ಮೇಲೆ ಕೂತು ಮೂರೂ ಪದ್ಯ ಕೇಳಿ, ಚೆನ್ನಾಗಿದೆ ಎಂದು ತಲೆಯಾಡಿಸಿ, "ನಾಲ್ಕನೇದು ಎಲ್ಲಿ?" ಎಂದರು.

ಯಾರಿಗೂ ಗೊತ್ತಿರಲಿಲ್ಲ. ಅವರೇ ಹೇಳಿದರು. ಹೇಳಿದರು ಅನ್ನುವುದಕ್ಕಿಂತ ಉಸಿರಿನಲ್ಲಿ ಬಿಟ್ಟರು. ನಾವೆಲ್ಲ ಬಗ್ಗಿ ಕಿವಿ ಕೊಡಬೇಕಾಯಿತು.

ಮೆಲ್ಲ ನಡೆಯೊ, ಸದ್ದು ಬೇಡ, ತಾಯಿ ಒಳಗೆ ಮಲಗಿಹಳು
ಮಗನು ಮನೆಗೆ ಬಂದ ದಿವಸ ಜೋರು ಹಾಡು ಕೇಳುವಳು

ಕವಾಯತಿನ ಹಾಡಿನಲ್ಲಿ ಮೆಲ್ಲ ನಡೆ ಅಂತ ಯಾರಾದರೂ ಬರೆಯುತ್ತಾರೆಯೇ? ಗವಿಪುರ ಇಲ್ಲ ಅಂದಿತು, ಮಲ್ಲೇಶ್ವರ ಇಲ್ಲ ಅಂದಿತು. ಎರಡು ಊರೂ ಒಂದಾದದ್ದು ಇದೊಂದರಲ್ಲಿ ಮಾತ್ರ. ಎಲ್ಲರೂ ನನ್ನ ಕಡೆ ನೋಡಿದರು. ಇಂಥ ಹೊತ್ತಿಗಾಗಿಯೇ ನಾನು ಮನೆಯಲ್ಲಿ ತಯಾರಾಗಿ ಬಂದಿದ್ದೆ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಬಾಯಿಪಾಠದ ಹಾಡುಗಳಲ್ಲಿ ಒಂದರ ಸಾಲು ಇನ್ನೊಂದಕ್ಕೆ ನುಸುಳುವುದು ಸಹಜವೆಂದೂ, ಈ ಪದ್ಯದ ಧಾಟಿ ಲಾಲಿಪದದ್ದೆಂದೂ, ನನ್ನ ಬಾಲ್ಯದಲ್ಲಿ ನೂರಾರು ಸಲ ಈ ಹಾಡು ಕೇಳಿದ ನಾನೇ ಇದನ್ನು ಒಮ್ಮೆಯೂ ಕೇಳಿಲ್ಲವೆಂದೂ, ಆದ್ದರಿಂದ ಇದು ಪ್ರಕ್ಷಿಪ್ತವೆಂದೂ ಹೇಳಿದೆ. ಪ್ರಕ್ಷಿಪ್ತ ಎನ್ನುವ ಪದವನ್ನು ಬಳಸಲು ನನಗೆ ಜೀವಮಾನದಲ್ಲಿ ಸಿಕ್ಕಿದ ಮೊದಲ ಅವಕಾಶ ಅದು. ಒಂದಿಬ್ಬರು ಚಪ್ಪಾಳೆ ತಟ್ಟಿದರು.

"ಹಂಗಂದ್ರೆ ಏನೋ?" ಎಂದರು ದೊಡ್ಡಮ್ಮ.

"ಮೂಲದಲ್ಲಿ ಇರ್ಲಿಲ್ಲ, ಆಮೇಲೆ ಸೇರಿದ್ದು ಅಂತ ದೊಡ್ಡಮ್ಮ."

"ಯಾರು ಸೇರ್ಸಿದ್ದು?"

"ನೀವೇ. ಗೊತ್ತಿಲ್ದೇ ಆಗಿರತ್ತೆ. ವಯಸ್ಸಾದ್ಮೇಲೆ ಎಲ್ರಿಗೂ ಆಗತ್ತೆ."

ದೊಡ್ಡಮ್ಮ ಸೆರಗಿನಿಂದ ಬೆಂಚಿನ ಮೇಲಿನ ಎಲೆ ಕೊಡವಿ ಕೆಳಕ್ಕೆ ಹಾಕಿದರು. ಮನೆಗೆ ಹೋಗುವಾಗ ಸುರೇಶ ನನ್ನ ಪಕ್ಕಕ್ಕೆ ಬಂದು, "ಅಮ್ಮಂಗೆ ಈಚೆಗೆ ಒಂದಕ್ಕೊಂದು ಬೆರೆತುಹೋಗ್ತಿದೆ ಕಣೋ. ನೀನು ಹೇಳಿದ್ದು ಒಳ್ಳೇದೇ ಆಯ್ತು. ಇನ್ಮೇಲೆ ಒಬ್ಬಳನ್ನೇ ಗಾಂಧಿ ಬಜಾರಿಗೆ ಕಳಿಸಲ್ಲ" ಎಂದ. ಮೆಲ್ಲಗೇ ಹೇಳಿದ. ಆದರೆ ದೊಡ್ಡಮ್ಮನ ಕಿವಿಗೆ ಏನೂ ಆಗಿಲ್ಲ, ಅವರು ನಮ್ಮ ಮುಂದೆಯೇ ನಡೆಯುತ್ತಿದ್ದರು. ನನ್ನ ಪಾಂಡಿತ್ಯ ಹೀಗೆ ಒಬ್ಬ ಹೆಂಗಸು ತಾನೇ ಹೋಗಿ ಕೊತ್ತಂಬರಿ ಸೊಪ್ಪು ತರುವುದನ್ನು ನಿಲ್ಲಿಸಲು ಉಪಯೋಗಕ್ಕೆ ಬಂತು. ಆ ದಿನ ಊಟ ಸೇರಲಿಲ್ಲ. ಬೇಜಾರಾಯಿತು, ನಿಜವಾಗಿ ಬೇಜಾರಾಯಿತು. ಆದರೂ ವಾದ ಸರಿಯಾಗಿಯೇ ಇತ್ತಲ್ಲ ಎಂದು ಒಳಗೊಳಗೆ ಅಂದುಕೊಳ್ಳುತ್ತಿದ್ದೆ.

ಮಾರನೇ ದಿನ ಬೆಳಗ್ಗೆ ನಾನಿನ್ನೂ ಕಾಫಿ ಕುಡಿಯುತ್ತಿದ್ದೆ, ಬಾಗಿಲಲ್ಲಿ ದೊಡ್ಡಮ್ಮ. ಒಳ್ಳೆಯ ಸೀರೆ, ಕೈಯಲ್ಲಿ ಬ್ಯಾಗು.

"ಸುರೇಶಂಗೆ ಹೇಳಿ ಬಂದ್ರಾ?" ಎಂದೆ.

"ನಿಂಗೆ ಹೇಳ್ತಿದೀನಲ್ಲ. ಚಪ್ಪಲಿ ಹಾಕ್ಕೊ. ಚಾಮರಾಜಪೇಟೆಗೆ ಹೋಗಣ."

"ಯಾಕೆ ದೊಡ್ಡಮ್ಮ?"

"ಪದ್ಯ ಆಮೇಲೆ ಸೇರಿದ್ದು ಅಂದ್ಯಲ್ಲ. ಎಲ್ಲಿ ಸೇರ್ತು ಅಂತ ತೋರಿಸ್ತೀನಿ ಬಾ."

ಆಟೋ ಹಿಡಿದು, ಹಳೆಯ ಶಾಲೆ ಇದ್ದ ಮೂಲೆಯಲ್ಲಿ ಇಳಿದೆವು. ಅಲ್ಲಿ ಈಗ ಮೊಬೈಲ್ ಅಂಗಡಿ, ಅದರ ಮೇಲೆ ಟ್ಯೂಷನ್ನು. ದೊಡ್ಡಮ್ಮ ಅದನ್ನು ನೋಡಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು, ಪಲ್ಲವಿ ಹಿಡಿದು, ನಡೆಯತೊಡಗಿದರು. ನಾನು ಬ್ಯಾಗು ಹಿಡಿದುಕೊಂಡು ಹಿಂದೆ. ಮೊದಲ ರಸ್ತೆ ಮುಗಿಯುವ ಹೊತ್ತಿಗೆ ಉಣ್ಣೆಯ ಪದ್ಯ ಮುಗಿಯಿತು. ದಿನಸಿ ಅಂಗಡಿಗಳ ಸಾಲಿನಲ್ಲಿ ಅಕ್ಕಿಯ ಪದ್ಯ ಬಂತು. ಮಕ್ಕಳು ಚೀಲ ಒಡ್ಡಿ ನಿಲ್ಲುತ್ತಿದ್ದದ್ದು ಅಲ್ಲೇ ಅಂತೆ. ಹಾಡನ್ನು ಮೇಷ್ಟ್ರು ಕಾಗದದ ಮೇಲೆ ಕಟ್ಟಿರಲಿಲ್ಲ, ದಾರಿಯ ಮೇಲೆ ಕಟ್ಟಿದ್ದರು ಎನ್ನುವುದು ನನಗೆ ನಿಧಾನವಾಗಿ ತಲೆಗೆ ಹೋಯಿತು. ಬಾವುಟದ ಪದ್ಯ ಮುಗಿಯುತ್ತಿದ್ದಂತೆ ಒಂದು ಅಡ್ಡರಸ್ತೆಯ ತಿರುವಿನಲ್ಲಿ ದೊಡ್ಡಮ್ಮ ಗಕ್ಕನೆ ನಿಂತರು.

"ಇಲ್ಲಿ ಬಂದ್ರೆ ಮೇಷ್ಟ್ರು ಹಿಂಗೆ ಕೈ ಎತ್ತೋರು. ನಾವೆಲ್ಲ ತುದಿಗಾಲಲ್ಲಿ ನಡೀಬೇಕು. ಆ ಎದುರಿನ ಮನೆ ನೋಡು, ಅಲ್ಲಿದ್ದ ಅಮ್ಮನ ಮಗ ಯುದ್ಧಕ್ಕೆ ಹೋಗಿದ್ದ. ಸುದ್ದಿಯೇ ನಿಂತೋಗಿತ್ತು. ಆಯಮ್ಮ ಹಾಸಿಗೆ ಹಿಡಿದಿದಾರೆ ಅಂತ ಬೀದಿಯೋರೆಲ್ಲ ಹೇಳ್ತಿದ್ರು. ಅವರ ಮನೆ ಮುಂದೆ ಲೆಫ್ಟ್ ರೈಟ್ ಅಂತ ಧಡಧಡ ಹೋಗಕ್ಕೆ ಆಗತ್ತೇನೋ? ಅದಕ್ಕೆ ಮೇಷ್ಟ್ರು ಈ ಪದ್ಯ ಮಾಡಿದ್ರು. ಈ ಮನೆ ದಾಟೋವರ್ಗೂ ಅಷ್ಟೆ. ಬೇರೆ ಸ್ಕೂಲೋರು ಈ ಬೀದಿಗೇ ಬರ್ತಿರ್ಲಿಲ್ಲ, ಅವರಿಗೆ ಹೆಂಗೆ ಗೊತ್ತಿರತ್ತೆ?"

"ನಮಗೆ ಯಾಕೆ ಯಾವತ್ತೂ ಹೇಳ್ಕೊಡ್ಲಿಲ್ಲ ದೊಡ್ಡಮ್ಮ?"

"ಇದು ಈ ಮನೆ ಮುಂದೆ ಹೇಳೋ ಪದ್ಯ. ನಿಮ್ಮನ್ನ ಬಚ್ಚಲುಮನೆಗೆ ಕರ್ಕೊಂಡು ಹೋಗೋವಾಗ ಯಾಕೆ ಹೇಳ್ಲಿ?"

ಪ್ರಕ್ಷಿಪ್ತ ಎನ್ನುವ ಪದವನ್ನು ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ. "ಆ ಮಗ ಬಂದ್ರಾ?" ಎಂದೆ.

"ಗೊತ್ತಿಲ್ಲ ಕಣೋ," ಎಂದರು. ದನಿ ಸಣ್ಣಗಾಗಿತ್ತು. "ಯುದ್ಧ ನಿಂತ್ಹೋಯ್ತು, ನಮ್ಮ ಕವಾಯತೂ ನಿಂತ್ಹೋಯ್ತು. ಒಂದಿನ ಕೇಳಣ ಅಂತ ಬಂದೆ, ಇಲ್ಲೀವರ್ಗೂ ಬಂದು ವಾಪಸ್ ಹೋದೆ. ಇಲ್ಲ ಅಂದ್ಬಿಟ್ರೆ? ಆಮೇಲೆ ಈ ರಸ್ತೆಗೇ ಕಾಲಿಡ್ಲಿಲ್ಲ. ಜೋರಾಗಿ ಹಾಡ್ತೀವಿ ಅಂತ ಮಾತು ಕೊಟ್ಟಿದ್ವಿ. ಹಾಡ್ಲೇ ಇಲ್ಲ."

ಚಿಕ್ಕವನಾಗಿದ್ದಾಗ ಅವರ ಜೊತೆ ತಾತನ ಮನೆಗೆ ಬರುವಾಗಲೆಲ್ಲ ಸುತ್ತು ದಾರಿಯಲ್ಲೇ ನಡೆಸುತ್ತಿದ್ದರು. ಕೇಳಿದರೆ, ಆ ರಸ್ತೇಲಿ ನಾಯಿ ಕಾಟ ಎನ್ನುತ್ತಿದ್ದರು. ನಾನೂ ನಂಬಿ, ಆ ನಾಯಿಗಳನ್ನು ಒಮ್ಮೆಯೂ ನೋಡದೆ, ಅವುಗಳಿಗೆ ಹೆದರಿಕೊಂಡೇ ದೊಡ್ಡವನಾದೆ. ಈ ಹೆಂಗಸು ಇಷ್ಟು ವರ್ಷ ಇಲ್ಲಿಗೆ ಇಷ್ಟು ಹತ್ತಿರದಲ್ಲಿ ಬದುಕಿಕೊಂಡು, ಒಂದು ಬಾಗಿಲು ತಟ್ಟಲು ಅಂಜಿದ್ದರು. ನಾನು ಅವರನ್ನು ಪಾರ್ಕಿನಲ್ಲಿ ನಿಲ್ಲಿಸಿ ಮರೆವಿನವರನ್ನಾಗಿ ಮಾಡಿದ್ದೆ.

"ನೀನು ಹೋಗಿ ಕೇಳು. ನಾನು ಇಲ್ಲೇ ಇರ್ತೀನಿ," ಎಂದರು.

ಮನೆ ಅರ್ಧ ಹಳೆಯದು, ಅರ್ಧ ಹೊಸದು. ಹಳೆಯ ಅರ್ಧದ ಜಗಲಿಯಲ್ಲಿ ಹಪ್ಪಳ ಸಂಡಿಗೆಯ ಪ್ಯಾಕೆಟ್ಟುಗಳು, ಅವುಗಳ ಹಿಂದೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು. ನಾನು ಕೈಮುಗಿದು, "ತಮ್ಮ ಮನೆತನದ ಹಿರಿಯರಲ್ಲಿ ಸೇನೆಗೆ ಸಂಬಂಧಪಟ್ಟ ಯಾರಾದರೂ..." ಎಂದು ಶುರುಮಾಡಿದೆ.

"ಸರ್ವೆಯವರಾ? ಮೊನ್ನೆ ತಾನೇ ಒಬ್ರು ಬರ್ಕೊಂಡು ಹೋದ್ರಲ್ಲ ಸಾರ್," ಎಂದರು ಅವರು.

ಅಲ್ಲ ಎಂದು ಹೇಳುವಷ್ಟರಲ್ಲಿ ನನಗೆ ಮುಂದಿನ ವಾಕ್ಯ ಮರೆತುಹೋಯಿತು. ದೊಡ್ಡಮ್ಮನಿಗೆ ನನ್ನ ಮೇಲಿನ ಭರವಸೆ ಅಲ್ಲಿಗೆ ಮುಗಿದಿರಬೇಕು. ಬಂದು ಜಗಲಿಯ ಕಂಬ ಹಿಡಿದುಕೊಂಡು ನಿಂತು, "ಇಲ್ಲಿ ಒಬ್ರು ಅಮ್ಮ ಇದ್ರು ಕಣಮ್ಮ. ಮಗ ಮಿಲ್ಟ್ರೀಲಿ ಇದ್ದೋರು. ಚೀನಾ ಯುದ್ಧದಲ್ಲಿ" ಎಂದರು.

"ಅವರು ನಮ್ಮಜ್ಜಿ," ಎಂದರು ಆಕೆ. "ಮಗ ಅಂದ್ರೆ ನಮ್ಮಪ್ಪ."

ದೊಡ್ಡಮ್ಮ ಆಕೆಯ ಮುಖವನ್ನೇ ನೋಡುತ್ತಿದ್ದರು. "ನೀನು ಹುಟ್ಟಿದ್ದು ಯುದ್ಧಕ್ಕೆ ಮುಂಚೆನಾ ತಾಯಿ?"

"ಅಯ್ಯೋ ಇಲ್ಲಮ್ಮ. ಅಪ್ಪ ವಾಪಸ್ ಬಂದು, ಮದುವೆಯಾಗಿ, ಆಮೇಲೆ ನಾನು. ಚೀನಾದೋರು ಹಿಡ್ಕೊಂಡು ಹೋಗಿದ್ರಂತೆ, ಮಾರನೇ ವರ್ಷ ಬಿಟ್ರಂತೆ. ಬಂದಾಗ ಎಷ್ಟು ಸಣ್ಣ ಆಗಿದ್ರು ಅಂದ್ರೆ ಅಜ್ಜಿ ಬಾಗಿಲಲ್ಲಿ ನಿಂತು ಯಾರು ಬೇಕಪ್ಪಾ ಅಂದ್ರಂತೆ. ಈಗ ಐದಾರು ವರ್ಷ ಆಯ್ತು ಅಪ್ಪ ಹೋಗಿ. ಒಳಗೆ ಬನ್ನಿ, ಯಾಕೆ ನಿಂತ್ಕೊಂಡಿದೀರ?"

ದೊಡ್ಡಮ್ಮ ಒಳಗೆ ಹೋಗಲಿಲ್ಲ. ಅಲ್ಲೇ ಜಗಲಿಯ ಅಂಚಿನಲ್ಲಿ ಕೂತುಬಿಟ್ಟರು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಮಂಜುಳಾ, ಅದು ಆಕೆಯ ಹೆಸರು, ಗಾಬರಿಯಾಗಿ ನೀರು ತಂದುಕೊಟ್ಟರು. ನಾನು ನಡುವೆ ನಿಂತು, ಶಾಲೆ, ಮೇಷ್ಟ್ರು, ಕವಾಯತು ಎಂದು ಹಿಂದುಮುಂದಾಗಿ ವಿಷಯ ತಿಳಿಸಿದೆ. ಮಂಜುಳಾ ಕೇಳುತ್ತಾ ಕೇಳುತ್ತಾ ನಗತೊಡಗಿದರು.

"ಆ ಮಕ್ಕಳು ನೀವೇನಾ? ಅಜ್ಜಿ ಸಾಯೋವರ್ಗೂ ನಿಮ್ಮನ್ನ ಬೈತಿದ್ರು."

"ಯಾಕಮ್ಮ?" ಎಂದರು ದೊಡ್ಡಮ್ಮ.

"ಅಜ್ಜಿ ಮಲಗೂ ಇರ್ಲಿಲ್ಲ, ಏನೂ ಇರ್ಲಿಲ್ಲ. ದಿನಾ ಸಂಜೆ ಈ ಕಿಟಕಿ ಹತ್ರ ಕೂತು ನಿಮ್ಮ ಹಾಡಿಗೆ ಕಾಯೋರಂತೆ. ಅಕ್ಕಿ ಅಂಗಡಿ ಹತ್ರ ಜೋರಾಗಿ ಕೇಳಿಸ್ತಿತ್ತಂತೆ. ನಮ್ಮನೆ ಹತ್ರ ಬರ್ತಿದ್ದಂಗೆ ಬರೀ ಗುಸುಗುಸು. ಊರೋರ ಮನೆ ಮುಂದೆಲ್ಲ ಬಾಯಿ ತುಂಬ ಹಾಡ್ತವೆ, ನನ್ನ ಮಗ ಯುದ್ಧಕ್ಕೆ ಹೋಗಿರೋ ಮನೆ ಮುಂದೆ ಮಾತ್ರ ಈ ಮುಂಡೇವಕ್ಕೆ ಗಂಟಲು ಕಟ್ಟತ್ತೆ ಅಂತ ಬೈಯೋರು. ಏನು ಹಾಡ್ತಿದ್ರಿ ಅಂತ ಅವರಿಗೆ ಕಡೇವರ್ಗೂ ಗೊತ್ತಾಗ್ಲಿಲ್ಲ."

ದೊಡ್ಡಮ್ಮ ಒಂದು ಕ್ಷಣ ನನ್ನನ್ನು ನೋಡಿದರು, ಆಕೆಯನ್ನು ನೋಡಿದರು. ಕಿಟಕಿಯ ಕಡೆ ತಿರುಗಿದರು. ಅದರ ಸರಳಿಗೆ ಈಗ ಪ್ಲಾಸ್ಟಿಕ್ ಹೂವಿನ ತೋರಣ ಕಟ್ಟಿದ್ದಾರೆ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ರಸ್ತೆಗೆ ಇಳಿದು, ಮನೆಗೆ ಎದುರಾಗಿ ನೆಟ್ಟಗೆ ನಿಂತರು. ಹಿಂದಿನಿಂದ ಬಂದ ಸ್ಕೂಟರಿನವನು ಹಾರ್ನ್ ಹೊಡೆದ. ನಾನು ಕೈ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದೆ.

ಮೆಲ್ಲ ನಡೆಯೊ, ಸದ್ದು ಬೇಡ ಎಂದು ದೊಡ್ಡಮ್ಮ ಕೂಗಿ ಹಾಡಿದರು. ಅಷ್ಟು ದೊಡ್ಡ ದನಿ ಆ ಪುಟ್ಟ ದೇಹದಲ್ಲಿ ಎಲ್ಲಿತ್ತೋ ಗೊತ್ತಿಲ್ಲ. ಎದುರುಮನೆಯ ಮಹಡಿಯಿಂದ ಯಾರೋ ಬಗ್ಗಿ ನೋಡಿದರು, ಪಕ್ಕದ ಜೆರಾಕ್ಸ್ ಅಂಗಡಿಯವನು ಹೊರಗೆ ಬಂದ, ಸ್ಕೂಟರಿನವನು ಇಂಜಿನ್ ಆರಿಸಿ ಹೆಲ್ಮೆಟ್ಟು ತೆಗೆದ. ಪದ್ಯದ ಎರಡೂ ಸಾಲು ಮುಗಿಸಿ, ಮತ್ತೊಂದು ಸಲ ಮೊದಲಿನಿಂದ ಹಾಡಿದರು, ಇನ್ನೂ ಜೋರಾಗಿ. ಕೊನೆಯ ಪದ ಒಡೆದುಹೋಯಿತು, ಆದರೂ ಬಿಡಲಿಲ್ಲ.

ಮಂಜುಳಾ ಬಾಯಿಗೆ ಸೆರಗು ಹಿಡಿದುಕೊಂಡು ನಿಂತಿದ್ದರು. "ಅಜ್ಜಿಗೆ ಇದು ಕೇಳಿಸ್ಬೇಕಾಗಿತ್ತು," ಎಂದರು.

"ಅದಕ್ಕೇ ಕಣಮ್ಮ ಇಷ್ಟು ಜೋರಾಗಿ ಹಾಡಿದ್ದು," ಎಂದರು ದೊಡ್ಡಮ್ಮ.